ದೇಶ ಬಿಡಿ, ಊರು ಹುಡುಕಿ

ಸ್ಪ್ಯಾನಿಷ್ ಮಾತಾಡುವ ಕಡೆ ಒಂದು ವರ್ಷ ಇದ್ದು ಬರಬೇಕು ಅಂತ ಮನಸ್ಸು ಮಾಡಿದವರಿಗೆ ಮೊದಲ ತಲೆನೋವು ಆಯ್ಕೆ ಜಾಸ್ತಿ ಇರುವುದು. ಜಪಾನಿ ಕಲಿಯುವವರಿಗೆ ಈ ಕಷ್ಟ ಇಲ್ಲ. ಒಂದೇ ದೇಶ, ಮುಗೀತು. ಸ್ಪ್ಯಾನಿಷ್ 20 ದೇಶಗಳ ಆಡಳಿತ ಭಾಷೆ. ಬ್ರೆಜಿಲ್, ಬೆಲೀಜ್, ಗಯಾನಾ ಕಡೆಯ ಪುಟ್ಟ ದೇಶಗಳನ್ನು ಬಿಟ್ಟರೆ ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದ ತುದಿಯವರೆಗೆ ಒಂದೇ ಭಾಷೆಯಲ್ಲಿ ಬಸ್ ಟಿಕೆಟ್ ಕೇಳಿಕೊಂಡು ಹೋಗಬಹುದು. ಜೊತೆಗೆ ಸ್ಪೇನ್ ಇದೆ. ಆಫ್ರಿಕದಲ್ಲೂ ಒಂದಿದೆ, ಈಕ್ವಟೋರಿಯಲ್ ಗಿನಿ. ಅಲ್ಲಿಗೆ ಗ್ಯಾಪ್ ಇಯರ್, ಅಂದರೆ ಓದಿಗೋ ಕೆಲಸಕ್ಕೋ ಬಿಡುವು ಕೊಟ್ಟ ಒಂದು ವರ್ಷ, ಕಳೆಯಲು ಹೋದವರನ್ನು ನಾನು ಇನ್ನೂ ನೋಡಿಲ್ಲ.

ನಮ್ಮಲ್ಲಿ ಗ್ಯಾಪ್ ಇಯರ್ ಪಿಯುಸಿಗೂ ಡಿಗ್ರಿಗೂ ನಡುವೆ ಬರುವುದಿಲ್ಲ. ಆ ವಯಸ್ಸಿನಲ್ಲಿ ಒಂದು ವರ್ಷ ಸುತ್ತಿ ಬರ್ತೀನಿ ಅಂದರೆ ನೆಂಟರೆಲ್ಲ ಸೇರಿ ಯಾವ ಸಬ್ಜೆಕ್ಟ್ ಹೋಯ್ತು ಅಂತ ವಿಚಾರಿಸುತ್ತಾರೆ. ನಮ್ಮದು ಬರುವುದು ಒಂದು ಕೆಲಸ ಬಿಟ್ಟು ಇನ್ನೊಂದು ಹಿಡಿಯುವ ನಡುವೆ. ಅದೂ ಮನೆಯಲ್ಲಿ ಮದುವೆ ಮಾತು ಶುರುವಾಗುವ ಹೊತ್ತಿಗೆ ಸರಿಯಾಗಿ. ನನ್ನದೂ ಹಾಗೇ ಆಯಿತು. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟೆ. ಸ್ವಲ್ಪ ಉಳಿತಾಯ ಇತ್ತು, ಸಾಲ ಇರಲಿಲ್ಲ. ನಾನು ಹಾಕಿಕೊಂಡ ಗಡಿ ಒಂದೇ. ಟಿಕೆಟ್ ದುಡ್ಡು ಬೇರೆ ಇಟ್ಟರೆ, ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿಕೊಂಡು, ಹೊರಗೆ ತಿಂದುಕೊಂಡು ತಿಂಗಳಿಗೆ ಎಷ್ಟು ಕಳೆಯುತ್ತಿದ್ದೆನೋ ಅಷ್ಟರಲ್ಲೇ ಅಲ್ಲೂ ಬದುಕಬೇಕು.

ಹುಡುಕಲು ಕೂತರೆ ಮೊದಲು ಸಿಗುವುದು "ಅಗ್ಗದ ದೇಶಗಳ ಪಟ್ಟಿ". ಬೊಲಿವಿಯಾದಲ್ಲಿ ದಿನಕ್ಕೆ ಇಷ್ಟು ಡಾಲರ್, ಪೆರುವಿನಲ್ಲಿ ಇಷ್ಟು, ಕೊಲಂಬಿಯಾದಲ್ಲಿ ಇಷ್ಟು. ಇಂಥ ಪಟ್ಟಿಗಳನ್ನು ರಾಶಿ ಓದಿದ ಮೇಲೆ ನನಗೆ ಅವುಗಳ ಮೇಲಿನ ನಂಬಿಕೆ ಹೋಯಿತು. ಒಂದು, ಅವು ಬೇಗ ಹಳಸುತ್ತವೆ. ಅರ್ಜೆಂಟೀನಾ ನೋಡಿ. 2023ರಲ್ಲಿ ಅಲ್ಲಿನ ವರ್ಷದ ಹಣದುಬ್ಬರ 211 ಪರ್ಸೆಂಟ್ ದಾಟಿತ್ತು. ಕೈಯಲ್ಲಿ ಡಾಲರ್ ನೋಟು ಹಿಡಿದು ಹೋದವರಿಗೆ ಬೀದಿಯಲ್ಲಿ ಸರ್ಕಾರಿ ದರದ ಎರಡು ಪಟ್ಟು ಪೆಸೊ ಸಿಗುತ್ತಿತ್ತು. ಬ್ಯೂನಸ್ ಐರಿಸ್‌ನಲ್ಲಿ ರಾಜನ ಹಾಗೆ ಬದುಕಿ ಅಂತ ಎಲ್ಲರೂ ಬರೆದರು. ಮರುವರ್ಷಕ್ಕೆ ಗಾಳಿ ತಿರುಗಿತು. ಡಾಲರ್ ಲೆಕ್ಕದಲ್ಲೇ ಅದು ದುಬಾರಿ ಊರಾಯಿತು. ಹಳೆಯ ಬರಹಗಳು ಮಾತ್ರ ಹಾಗೇ ಇವೆ. ಬೊಲಿವಿಯಾದ ಕಥೆ ಉಲ್ಟಾ. ಅಲ್ಲಿ ಬಹಳ ವರ್ಷ ಡಾಲರಿಗೆ 6.96 ಬೊಲಿವಿಯಾನೊ ಅಂತ ದರ ಕಟ್ಟಿಟ್ಟಿದ್ದರು. ಆಮೇಲೆ ಡಾಲರ್ ಕೊರತೆ ಬಂದು, 2025ರಲ್ಲಿ ಬೀದಿಯ ದರ ಒಂದು ಹಂತದಲ್ಲಿ ಅದರ ಎರಡು ಪಟ್ಟು ಮೀರಿತು. ನೋಟು ತಂದವರಿಗೆ ಒಂದು ಬೆಲೆ, ಕಾರ್ಡ್ ಉಜ್ಜಿದವರಿಗೆ ಇನ್ನೊಂದು ಬೆಲೆ.

ಎರಡನೆಯದು ನಮಗೆ ಇನ್ನೂ ಮುಖ್ಯ. ಆ ಪಟ್ಟಿ ಬರೆದವರ ಜೇಬಿನಲ್ಲಿ ಇರುವುದು ನಮ್ಮ ಪಾಸ್‌ಪೋರ್ಟ್ ಅಲ್ಲ. ಅವರಿಗೆ ವೀಸಾ ಅಂದರೆ ವಿಮಾನ ಇಳಿದ ಮೇಲೆ ಬೀಳುವ ಒಂದು ಸೀಲು. ನಮಗೆ ಅಲ್ಲಿಂದಲೇ ಆಯ್ಕೆ ಶುರುವಾಗುತ್ತದೆ.

ನನ್ನ ಪಾಸ್‌ಪೋರ್ಟ್‌ನಲ್ಲಿ ಆಫೀಸ್ ಕೆಲಸಕ್ಕೆ ಅಂತ ಮಾಡಿಸಿದ್ದ ಅಮೆರಿಕದ ವೀಸಾ ಇತ್ತು. ಅದರ ಬೆಲೆ ನನಗೆ ಗೊತ್ತಾಗಿದ್ದು ಅಮೆರಿಕದಲ್ಲಲ್ಲ, ಈ ಹುಡುಕಾಟದಲ್ಲಿ. ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಷೆಂಗೆನ್ ದೇಶಗಳ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳು) ಚಾಲ್ತಿ ವೀಸಾ ಇದ್ದರೆ ಭಾರತೀಯರು ಮೆಕ್ಸಿಕೊಗೆ ಬೇರೆ ವೀಸಾ ಇಲ್ಲದೆ ಹೋಗಬಹುದು. ಹೆಚ್ಚೆಂದರೆ 180 ದಿನ. ಕೌಂಟರಿನಲ್ಲಿ ಕೂತ ಅಧಿಕಾರಿ ಅಷ್ಟೂ ದಿನ ಕೊಡಲೇಬೇಕು ಅಂತಿಲ್ಲ. ವಾಪಸ್ ಟಿಕೆಟ್ ತೋರಿಸು ಅಂತ ಕೇಳಿ ಅಷ್ಟೇ ದಿನ ಬರೆಯುವುದೂ ಉಂಟು. ಕೊಲಂಬಿಯಾ ಅಮೆರಿಕದ ಅಥವಾ ಷೆಂಗೆನ್ ವೀಸಾ ಇದ್ದವರಿಗೆ 90 ದಿನ ಕೊಡುತ್ತದೆ. ಪೆರುವಿನಲ್ಲೂ ಇಂಥದ್ದೇ ಸೌಲಭ್ಯ ಇದೆ. ಎರಡೂ ಕಡೆ ಆ ವೀಸಾದಲ್ಲಿ ಇನ್ನೂ ಆರು ತಿಂಗಳು ಅವಧಿ ಉಳಿದಿರಬೇಕು. ಮಧ್ಯ ಅಮೆರಿಕದಲ್ಲಿ ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ ನಾಲ್ಕೂ ಸೇರಿ ಒಂದು ಒಪ್ಪಂದ ಮಾಡಿಕೊಂಡಿವೆ. ನಾಲ್ಕಕ್ಕೂ ಸೇರಿಸಿ 90 ದಿನ. ಪಕ್ಕದ ದೇಶಕ್ಕೆ ಹೋಗಿ ಬಂದೆ, ಹೊಸದಾಗಿ ಎಣಿಸಿ ಅಂದರೆ ನಡೆಯುವುದಿಲ್ಲ. ಇವೆಲ್ಲ ಆಗಾಗ ಬದಲಾಗುವ ನಿಯಮಗಳು. ಟಿಕೆಟ್ ಮಾಡುವ ವಾರ ಆಯಾ ದೇಶದ ದೂತಾವಾಸದ ಪುಟವನ್ನೇ ನೋಡಬೇಕು. ನನ್ನ ಮಾತನ್ನೂ ನಂಬಬೇಡಿ.

ದಾರಿಯ ಲೆಕ್ಕವೂ ಬೇರೆ ಇದೆ. ಅಮೆರಿಕದ ಮೇಲೆ ಹಾದು ಹೋಗುವುದಾದರೆ, ವಿಮಾನ ಬದಲಿಸಲು ಎರಡು ಗಂಟೆ ನಿಂತರೂ ಅಮೆರಿಕದ ವೀಸಾ ಬೇಕು. ವೀಸಾ ಇಲ್ಲದವರು ಇಸ್ತಾಂಬುಲ್‌ನಿಂದ ನೇರ ಮೆಕ್ಸಿಕೊ ಸಿಟಿಗೆ ಹೋಗುವ ವಿಮಾನದಂಥ ದಾರಿ ಹುಡುಕಬೇಕು. ಇನ್ನೊಂದು ವಿಷಯ ನಮ್ಮವರು ಯಾರೂ ಹೇಳುವುದಿಲ್ಲ. ಮಧ್ಯ ಅಮೆರಿಕಕ್ಕೆ ಟಿಕೆಟ್ ಹುಡುಕಿದರೆ ಎಲ್ ಸಾಲ್ವಡಾರ್ ರಾಜಧಾನಿ ಸಾನ್ ಸಾಲ್ವಡಾರ್‌ನಲ್ಲಿ ವಿಮಾನ ಬದಲಿಸುವ ಅಗ್ಗದ ಟಿಕೆಟ್ ಕಣ್ಣಿಗೆ ಬೀಳುತ್ತದೆ. 2023ರ ಅಕ್ಟೋಬರಿನಲ್ಲಿ ಎಲ್ ಸಾಲ್ವಡಾರ್ ಸರ್ಕಾರ ಭಾರತ ಮತ್ತು ಆಫ್ರಿಕದ ಹಲವು ದೇಶಗಳ ಪಾಸ್‌ಪೋರ್ಟ್ ಇರುವವರಿಗೆ ತೆರಿಗೆ ಸೇರಿ 1,130 ಡಾಲರ್ ವಿಮಾನ ನಿಲ್ದಾಣ ಶುಲ್ಕ ಹಾಕಿತು. ಅದು ಸುಮಾರು ಒಂದು ಲಕ್ಷ ರೂಪಾಯಿ. ಐದಾರು ಸಾವಿರ ಉಳಿಸಲು ಹೋಗಿ ಒಂದು ಲಕ್ಷ ಕಟ್ಟುವ ದಾರಿ ಅದು.

ಯಾಕೆ ಹೀಗೆ ಅಂತ ಕೇಳಿದರೆ ಉತ್ತರ ಅದೇ ವರ್ಷದ ಡಿಸೆಂಬರಿನಲ್ಲಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಯುಎಇಯ ಫುಜೈರಾದಿಂದ ನಿಕರಾಗುವಾಗೆ ಹೊರಟಿದ್ದ ಒಂದು ಬಾಡಿಗೆ ವಿಮಾನವನ್ನು ಫ್ರಾನ್ಸ್‌ನ ವಾತ್ರಿ ಎಂಬಲ್ಲಿ ತಡೆದು ನಿಲ್ಲಿಸಿದರು. ಒಳಗೆ 303 ಜನ, ಬಹುಪಾಲು ಭಾರತೀಯರು. ಮಧ್ಯ ಅಮೆರಿಕಕ್ಕೆ ಬಂದಿಳಿದು, ನೆಲದ ದಾರಿಯಲ್ಲಿ ಮೆಕ್ಸಿಕೊ ದಾಟಿ ಅಮೆರಿಕದ ಗಡಿ ಸೇರುವವರ ಸಂಖ್ಯೆ ಆ ಹೊತ್ತಿಗೆ ಏರಿತ್ತು. ಹಾಗಾಗಿ ದೊಡ್ಡ ಬ್ಯಾಗು, ಉದ್ದದ ವಾಸ, ಕೆಲಸ ಬಿಟ್ಟವರು, ಭಾರತದ ಪಾಸ್‌ಪೋರ್ಟ್ ಅಂದರೆ ಅಧಿಕಾರಿಗಳ ಹುಬ್ಬು ಏರುತ್ತದೆ. ನನ್ನನ್ನೂ ಒಂದು ನಿಲ್ದಾಣದಲ್ಲಿ ಪಕ್ಕಕ್ಕೆ ಕೂರಿಸಿ ವಿಚಾರಿಸಿದರು. ಭಾಷಾ ಶಾಲೆಗೆ ದುಡ್ಡು ಕಟ್ಟಿದ ರಸೀದಿ, ಉಳಿಯುವ ಮನೆಯ ವಿಳಾಸ, ಬ್ಯಾಂಕ್ ಸ್ಟೇಟ್‌ಮೆಂಟ್, ಮುಂದಿನ ಟಿಕೆಟ್, ಎಲ್ಲವೂ ಕಾಗದದಲ್ಲಿ ಇದ್ದದ್ದು ಕೆಲಸಕ್ಕೆ ಬಂತು. ಫೋನ್ ಚಾರ್ಜ್ ನಂಬಿ ಹೋಗುವ ಜಾಗ ಅದಲ್ಲ. "ಸುತ್ತಾಡ್ತಾ ನೋಡ್ತೀನಿ, ಎಲ್ಲಿಗೆ ಮನಸ್ಸು ಬರುತ್ತೋ ಅಲ್ಲಿಗೆ" ಅನ್ನುವ ಯುರೋಪಿನ ಹುಡುಗರ ಸ್ಟೈಲ್ ನಮಗೆ ಅಲ್ಲಿ ಹೊಂದುವುದಿಲ್ಲ. ಇದು ಸಿಟ್ಟು ಬರಿಸುವ ವಿಷಯ ಹೌದು. ಆದರೆ ಯೋಜನೆ ಹಾಕುವಾಗ ಸಿಟ್ಟನ್ನು ಲೆಕ್ಕಕ್ಕೆ ಹಿಡಿಯಲು ಆಗಲ್ಲ.

ಹಳದಿ ಜ್ವರದ ಚುಚ್ಚುಮದ್ದಿನದ್ದೂ ಹೇಳಿಬಿಡುತ್ತೇನೆ. ಕೊಲಂಬಿಯಾ, ಪೆರು, ಈಕ್ವೆಡಾರ್, ಬೊಲಿವಿಯಾ ಇವೆಲ್ಲ ಹಳದಿ ಜ್ವರ ಇರುವ ದೇಶಗಳು. ಅಲ್ಲಿಂದ ಭಾರತಕ್ಕೆ ವಾಪಸ್ ಬರುವಾಗ ಲಸಿಕೆಯ ಹಳದಿ ಪುಸ್ತಕ ತೋರಿಸದಿದ್ದರೆ ಆರು ದಿನದವರೆಗೆ ಪ್ರತ್ಯೇಕ ಇಡಬಹುದು. ಲಸಿಕೆ ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಆಗಿರಬೇಕು. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ನಡೆಯುತ್ತದೆ. ಮೆಕ್ಸಿಕೊ, ಗ್ವಾಟೆಮಾಲಾಕ್ಕೆ ಇದರ ತಾಪತ್ರಯ ಇಲ್ಲ.

ಇಷ್ಟು ಜರಡಿ ಹಿಡಿದ ಮೇಲೆ 20 ದೇಶ ಹೋಗಿ ನಾಲ್ಕೈದು ಉಳಿದವು. ಇಲ್ಲಿಂದ ಮುಂದೆ ನಾನು ದೇಶದ ಹೆಸರು ಬಿಟ್ಟು ಊರು ಹುಡುಕಲು ಶುರು ಮಾಡಿದೆ. ಕಾರಣ ಸರಳ. ಹೋಗುವುದು ಭಾಷೆ ಕಲಿಯಲು. ಹಾಗಾದರೆ ದಿನಕ್ಕೆ ಎಷ್ಟು ಖರ್ಚು ಅನ್ನುವ ಲೆಕ್ಕದಿಂದ ಏನು ಉಪಯೋಗ? ಒಂದು ಗಂಟೆ ಸ್ಪ್ಯಾನಿಷ್ ಮಾತಿಗೆ ಎಷ್ಟು ಖರ್ಚು ಅಂತ ಕೇಳಬೇಕು. ಈ ಅಳತೆ ಹಿಡಿದರೆ ಚಿತ್ರವೇ ಬದಲಾಗುತ್ತದೆ. ಕೊಲಂಬಿಯಾದ ಮೆದೆಯಿನ್ ಅಗ್ಗ ಇರಬಹುದು. ಆದರೆ ಅಲ್ಲಿನ ಎಲ್ ಪೊಬ್ಲಾದೊ ಬಡಾವಣೆಯಲ್ಲಿ ರೂಮು ಮಾಡಿದರೆ ಕಾಫಿ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವರೆಲ್ಲ ಇಂಗ್ಲಿಷ್ ಆಡುವವರೇ. ಮೆಕ್ಸಿಕೊ ಸಿಟಿಯ ರೋಮಾ, ಕೊಂದೇಸಾ ಕೂಡ ಹಾಗೇ. ಹೊರಗಿನವರು ಬಂದು ಬಾಡಿಗೆ ಏರಿಸಿದರು ಅಂತ 2025ರ ಜುಲೈನಲ್ಲಿ ಅಲ್ಲಿನ ಜನ ಬೀದಿಗಿಳಿದು ಪ್ರತಿಭಟನೆ ಮಾಡಿದರು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಯಾರಿಗಾದರೂ ಆ ಸಿಟ್ಟು ಅರ್ಥವಾಗುತ್ತದೆ. ನಾನು ಅಲ್ಲಿಗೆ ಹೋದರೆ ಕನ್ನಡ ಕಲಿಯದೆ ಇಂದಿರಾನಗರದಲ್ಲಿ ಕೂತವರ ಸಾಲಿಗೆ ಸೇರುತ್ತಿದ್ದೆ, ಅಲ್ವಾ?

ಒಂದೇ ಕಡೆ ಇರುವುದರಲ್ಲಿ ದುಡ್ಡಿನ ಲಾಭವೂ ಇದೆ. ಪ್ರವಾಸದಲ್ಲಿ ದುಡ್ಡು ಸೋರುವುದು ಬಸ್ಸಿನಲ್ಲಿ, ಹೊಸ ಊರಿನ ಮೊದಲ ಎರಡು ರಾತ್ರಿಯ ರೂಮಿನಲ್ಲಿ, ಎಲ್ಲಿ ಏನು ಬೆಲೆ ಅಂತ ಗೊತ್ತಾಗುವ ಮೊದಲು ಕೊಡುವ ಹೆಚ್ಚುವರಿ ಕಾಸಿನಲ್ಲಿ. ಮೂರು ತಿಂಗಳು ಒಂದೇ ಊರಿನಲ್ಲಿ ಕೂತರೆ ಇವೆಲ್ಲ ನಿಲ್ಲುತ್ತವೆ.

ಕೊನೆಗೆ ನನ್ನ ಕಾಗದದಲ್ಲಿ ಉಳಿದದ್ದು ಮೂರು ಊರು. ಬೊಲಿವಿಯಾದ ಸುಕ್ರೆ, ಮೆಕ್ಸಿಕೊದ ಓಹಾಕಾ, ಗ್ವಾಟೆಮಾಲಾದ ಕೆತ್ಸಾಲ್ತೆನಾಂಗೊ. ಸುಕ್ರೆಯಲ್ಲಿ ಜನ ನಿಧಾನವಾಗಿ, ಬಿಡಿಸಿ ಮಾತಾಡುತ್ತಾರೆ, ಹವೆ ಹಿತ. ಆದರೆ ನಮ್ಮಿಂದ ಅಲ್ಲಿಗೆ ಟಿಕೆಟ್ ಬೆಲೆ ನೋಡಿ ಕೈಬಿಟ್ಟೆ. ಓಹಾಕಾ ಚಂದ, ಊಟ ಇನ್ನೂ ಚಂದ, ಬಾಡಿಗೆ ಮಾತ್ರ ಪ್ರವಾಸಿಗರಿಂದಾಗಿ ಮೇಲೇರಿದೆ. ಹಾಗಾಗಿ ಮೊದಲು ಗ್ವಾಟೆಮಾಲಾ, ಅಲ್ಲಿನ ದಿನ ಮುಗಿದ ಮೇಲೆ ಬಸ್ಸಿನಲ್ಲಿ ಗಡಿ ದಾಟಿ ಮೆಕ್ಸಿಕೊ ಅಂತ ತೀರ್ಮಾನಿಸಿದೆ.

ಮನೆಯಲ್ಲಿ ಹೇಳಿದಾಗ ಗ್ವಾಟೆಮಾಲಾ ಎಲ್ಲಿದೆ ಅಂತ ಯಾರೂ ಕೇಳಲಿಲ್ಲ. ನಮ್ಮದು ಸಕಲೇಶಪುರದ ಕಡೆ. ಕಾಫಿ, ಮೆಣಸು, ಸ್ವಲ್ಪ ಏಲಕ್ಕಿ. ಆ ದೇಶದ ಹೆಸರು ನಮ್ಮ ತೋಟದವರ ಬಾಯಲ್ಲಿ ಬೈಗುಳದ ಹಾಗೆ ಓಡಾಡುತ್ತದೆ. "ಆ ಏಲಕ್ಕಿ ದೇಶಕ್ಕಾ?" ಅಂದರು ಅಪ್ಪ. "ನಮ್ಮ ರೇಟು ಬೀಳಿಸಿದವರ ಮನೇಲಿ ಹೋಗಿ ಊಟ ಮಾಡ್ತೀಯಾ?" ಅಮ್ಮನ ಪ್ರಶ್ನೆ ಬೇರೆ ಇತ್ತು. "ಅಲ್ಲಿ ಒಬ್ಬಳೇ ಇರ್ತೀಯಾ?"

ಅಮ್ಮನ ಪ್ರಶ್ನೆಗೆ ನೇರ ಉತ್ತರ ಕೊಡಬೇಕು. ಗ್ವಾಟೆಮಾಲಾ ಸುರಕ್ಷಿತ ದೇಶ ಅಂತ ನಾನು ಬರೆಯುವುದಿಲ್ಲ. 1960ರಿಂದ 1996ರವರೆಗೆ ಅಲ್ಲಿ ಅಂತರ್ಯುದ್ಧ ನಡೆಯಿತು. ಸತ್ತವರಲ್ಲಿ ಬಹುಪಾಲು ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನ. ರಾಜಧಾನಿಯ ಕೆಲವು ವಲಯಗಳಿಗೆ ಅಲ್ಲಿನವರೇ ಹೋಗುವುದಿಲ್ಲ. ಕತ್ತಲಾದ ಮೇಲೆ ಊರಿಂದೂರಿಗೆ ಪ್ರಯಾಣ ಮಾಡಬಾರದು, ರಾತ್ರಿ ಒಬ್ಬರೇ ನಡೆಯಬಾರದು, ಜ್ವಾಲಾಮುಖಿ ಹತ್ತುವಾಗ ಗೈಡ್ ಜೊತೆ ಗುಂಪಿನಲ್ಲೇ ಹೋಗಬೇಕು. ಈ ಮೂರನ್ನು ನಾನು ಮುರಿಯಲಿಲ್ಲ. ಮನೆಯೊಂದರಲ್ಲಿ ಉಳಿದುಕೊಂಡದ್ದರಿಂದ ಎಷ್ಟು ಹೊತ್ತಿಗೆ ಬಂದೆ, ಎಲ್ಲಿಗೆ ಹೋದೆ ಅಂತ ಕೇಳುವವರು ಇದ್ದರು. ಊರಲ್ಲಿ ಇದೇ ಪ್ರಶ್ನೆಗೆ ರೇಗುತ್ತಿದ್ದವಳು ಅಲ್ಲಿ ಖುಷಿಯಿಂದ ಉತ್ತರ ಕೊಡುತ್ತಿದ್ದೆ.

ಗ್ವಾಟೆಮಾಲಾದಲ್ಲಿ ಸ್ಪ್ಯಾನಿಷ್ ಅಂದರೆ ಎಲ್ಲರೂ ಮೊದಲು ಹೇಳುವ ಹೆಸರು ಆಂತಿಗ್ವಾ. 1773ರ ಭೂಕಂಪದಲ್ಲಿ ನೆಲಕ್ಕೊರಗಿದ ಹಳೆಯ ರಾಜಧಾನಿ. ಮುರಿದ ಚರ್ಚುಗಳು, ಕಲ್ಲು ಹಾಸಿನ ಬೀದಿ, ತಲೆ ಎತ್ತಿದರೆ ಹೊಗೆ ಬಿಡುವ ಫ್ವೇಗೊ ಜ್ವಾಲಾಮುಖಿ. ಎಷ್ಟು ಹೇಳಿದರೂ ಸಾಲದು, ಅಷ್ಟು ಚಂದ. ಹಾಗಾಗಿ ಎಲ್ಲರೂ ಅಲ್ಲೇ ಇದ್ದಾರೆ. ಬೇಕರಿಯಲ್ಲಿ ನಾನು ತಡವರಿಸಿ ಸ್ಪ್ಯಾನಿಷ್ ಶುರು ಮಾಡಿದರೆ ಹುಡುಗಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಒಂದು ವಾರ ನೋಡಿ ಹೊರಟೆ.

ಕೆತ್ಸಾಲ್ತೆನಾಂಗೊ ದೇಶದ ದೊಡ್ಡ ಊರುಗಳಲ್ಲಿ ಒಂದು. ಉದ್ದ ಹೆಸರು ಯಾರೂ ಹೇಳಲ್ಲ, ಶೇಲಾ ಅಂತಾರೆ. 2,330 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅಂದರೆ ಇಡೀ ಊರು ಕರ್ನಾಟಕದ ಅತಿ ಎತ್ತರದ ಜಾಗಕ್ಕಿಂತ ಮೇಲಿದೆ. ರಾತ್ರಿ ಚಳಿ ಮೂಳೆಗೆ ಇಳಿಯುತ್ತದೆ, ಮನೆಗಳಲ್ಲಿ ಹೀಟರ್ ಇರುವುದಿಲ್ಲ, ಬಿಸಿನೀರು ಷವರಿನ ತಲೆಗೆ ಸಿಕ್ಕಿಸಿದ ವಿದ್ಯುತ್ ಡಬ್ಬಿಯಿಂದ ಉಗುರುಬೆಚ್ಚಗೆ ಬರುತ್ತದೆ. ನೋಡುವ ಜಾಗ ಅಂತ ಊರೊಳಗೆ ಹೆಚ್ಚೇನೂ ಇಲ್ಲ. ವಕೀಲರ ಆಫೀಸು, ಕಾಲೇಜು, ಚಪ್ಪಲಿ ಅಂಗಡಿ, ಬಸ್ ಸ್ಟ್ಯಾಂಡಿನ ಗಲಾಟೆ. ನನಗೆ ಬೇಕಾಗಿದ್ದು ಇದೇ. ಜನ ತಮ್ಮ ತಮ್ಮ ಕೆಲಸದಲ್ಲಿರುವ ಊರು. ಇಂಗ್ಲಿಷ್ ಆಡಿ ನನ್ನನ್ನು ಉಳಿಸಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಅಲ್ಲಿನ ಭಾಷಾ ಶಾಲೆಗಳ ಪದ್ಧತಿ ಸ್ಪೇನಿನ ಶಾಲೆಗಳಿಗಿಂತ ಬೇರೆ. ಗುಂಪು ಕ್ಲಾಸ್ ಇಲ್ಲ. ಒಬ್ಬ ವಿದ್ಯಾರ್ಥಿಗೆ ಒಬ್ಬರು ಮೇಷ್ಟ್ರು, ದಿನಕ್ಕೆ ನಾಲ್ಕೈದು ಗಂಟೆ, ವಾರಕ್ಕೆ ಐದು ದಿನ. ಉಳಿಯುವುದು ಒಂದು ಕುಟುಂಬದ ಜೊತೆ, ಮೂರು ಹೊತ್ತು ಊಟ. ಹಲವು ಮನೆಗಳಲ್ಲಿ ಭಾನುವಾರ ಊಟ ಇರುವುದಿಲ್ಲ, ಅಡುಗೆ ಮಾಡುವವರಿಗೂ ರಜೆ ಬೇಕಲ್ಲ. ಎಲ್ಲ ಸೇರಿ ವಾರಕ್ಕೆ 200ರಿಂದ 300 ಡಾಲರ್ ಆಸುಪಾಸು. ರೂಪಾಯಿಗೆ ತಿರುಗಿಸಿದರೆ ತಿಂಗಳಿಗೆ ಸಣ್ಣ ಮೊತ್ತ ಅಲ್ಲ, ನನ್ನ ಬಜೆಟ್ ಗಡಿ ದಾಟುತ್ತಿತ್ತು. ಅದಕ್ಕೆ ಮಾಡಿದ ಉಪಾಯ ಇದು. ಮೊದಲ ಮೆಟ್ಟಿಲುಗಳನ್ನು ಬೆಂಗಳೂರಿನಲ್ಲೇ ಹತ್ತಿದೆ. ಗ್ವಾಟೆಮಾಲಾದ ಮೇಷ್ಟ್ರುಗಳೇ ವಿಡಿಯೊದಲ್ಲಿ ಪಾಠ ಮಾಡುತ್ತಾರೆ. ಗಂಟೆಗೆ ಸುಮಾರು 10 ಡಾಲರ್. ನಮಗೆ ಬೆಳಿಗ್ಗೆ ಏಳು ಗಂಟೆ ಅಂದರೆ ಅವರಿಗೆ ಹಿಂದಿನ ದಿನದ ಸಂಜೆ ಏಳೂವರೆ. ಇಬ್ಬರಿಗೂ ಅನುಕೂಲ. ವರ್ತಮಾನ ಕಾಲ, ಭೂತಕಾಲ, ಸಂಖ್ಯೆ, ತರಕಾರಿ ಹೆಸರು ಇಷ್ಟನ್ನು ಇಲ್ಲೇ ಮುಗಿಸಿ ಹೋದರೆ ಅಲ್ಲಿನ ದುಬಾರಿ ವಾರಗಳು ಮಾತಿಗೆ ಸಿಗುತ್ತವೆ. ಅಲ್ಲಿ ಕೆಲವು ವಾರ ಶಾಲೆ ಮತ್ತು ಮನೆವಾಸ ಇಟ್ಟುಕೊಂಡೆ. ಆಮೇಲೆ ಹಂಚಿಕೊಂಡ ಮನೆಯಲ್ಲಿ ಒಂದು ರೂಮು ಹಿಡಿದು ಪಾಠವನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿದೆ. ಖರ್ಚು ಅರ್ಧಕ್ಕಿಂತ ಕೆಳಗೆ ಬಂತು.

ಕನ್ನಡದವರಿಗೆ ಉಚ್ಚಾರಣೆಯಲ್ಲಿ ಸಿಗುವ ರಿಯಾಯಿತಿ ದೊಡ್ಡದು. ಸ್ಪ್ಯಾನಿಷಿನ ಐದು ಸ್ವರ ನಮ್ಮ ಅ, ಎ, ಇ, ಒ, ಉ ಇದ್ದ ಹಾಗೇ ಇವೆ. ತ, ದ ನಮ್ಮವೇ. ನನ್ನ ಜೊತೆ ಇದ್ದ ಅಮೆರಿಕದ ಹುಡುಗ ತಿಂಗಳಾದರೂ ಟ, ಡ ಬಿಡಲಿಲ್ಲ. "ನನಗೆ ಕಾಫಿ ಇಷ್ಟ" ಅನ್ನುವ ವಾಕ್ಯ ಅಲ್ಲೂ ಹಾಗೇ ಇದೆ, 'ನಾನು' ಅಂತ ಶುರುವಾಗುವುದಿಲ್ಲ. ಹಿರಿಯರಿಗೆ ನೀವು, ಗೆಳೆಯರಿಗೆ ನೀನು ಅನ್ನುವುದನ್ನು ಯಾರೂ ನಮಗೆ ಕಲಿಸಬೇಕಿಲ್ಲ. ಕಷ್ಟ ಬೇರೆ ಕಡೆ ಇದೆ. ಮೇಜು ಹೆಣ್ಣು, ಪುಸ್ತಕ ಗಂಡು ಅಂತ ನೆನಪಿಡುವುದು ನನಗೆ ಇವತ್ತಿಗೂ ಒಗ್ಗಿಲ್ಲ.

ಮನೆಯ ಯಜಮಾನಿ ಅರವತ್ತು ದಾಟಿದವರು. ನಾನು ಮಾಂಸ ತಿನ್ನಲ್ಲ ಅಂದಾಗ ತಲೆಯಾಡಿಸಿ ಕೋಳಿ ಸಾರು ತಂದಿಟ್ಟರು. ಆ ಕಡೆ ಮಾಂಸ ಅಂದರೆ ದನದ್ದು, ಕೋಳಿ ಆ ಲೆಕ್ಕಕ್ಕೆ ಬರುವುದಿಲ್ಲ. ಸಸ್ಯಾಹಾರಿಗಳು ಒಂದೊಂದನ್ನೂ ಹೆಸರಿಸಿಯೇ ಹೇಳಬೇಕು. ಕಪ್ಪು ಬೀನ್ಸ್ ಕಾಳಿಗೆ ಹಂದಿ ಕೊಬ್ಬು ಹಾಕ್ತೀರಾ ಅಂತಲೂ ಕೇಳಿಕೊಳ್ಳಬೇಕು. ಒಮ್ಮೆ ಗೊತ್ತಾದ ಮೇಲೆ ಊಟದ ಚಿಂತೆ ಇರಲಿಲ್ಲ. ಕಪ್ಪು ಕಾಳು, ಕಾವಲಿ ಮೇಲೆ ತಟ್ಟಿ ಬೇಯಿಸಿದ ಮುಸುಕಿನ ಜೋಳದ ರೊಟ್ಟಿ ತೊರ್ತಿಯಾ, ಕರಿದ ಬಾಳೆಹಣ್ಣು, ಸುಟ್ಟ ಟೊಮೆಟೊ ಚಟ್ನಿ. ಒಂದು ದಿನ ವೀಸ್ಕಿಲ್ ಅಂತ ಹೇಳಿ ಬಡಿಸಿದ್ದನ್ನು ನೋಡಿದರೆ ನಮ್ಮ ಸೀಮೆ ಬದನೆಕಾಯಿ. ಆ ಬಳ್ಳಿಯ ಮೂಲ ಸೀಮೆ ಅದೇ. ಕಾಫಿ ವಿಷಯ ಮಾತ್ರ ಕೇಳಬೇಡಿ. ಜಗತ್ತಿಗೆ ಒಳ್ಳೆಯ ಕಾಫಿ ಕಳಿಸುವ ದೇಶದ ಮನೆಗಳಲ್ಲಿ ಕುಡಿಯುವುದು ನೀರು ನೀರಾದ ಸಿಹಿ ಕಾಫಿ, ಇಲ್ಲವೇ ಇನ್‌ಸ್ಟಂಟ್ ಪುಡಿ. ಸಕಲೇಶಪುರದಲ್ಲೂ ಒಳ್ಳೆಯ ಬೀಜ ಹೊರಗೆ ಹೋಗುವುದೇ ರೂಢಿ ಆದ್ದರಿಂದ ನಾನು ಏನೂ ಅನ್ನಲಿಲ್ಲ.

ರಜೆಯಲ್ಲಿ ಒಮ್ಮೆ ಕೊಬಾನ್‌ಗೆ ಹೋದೆ. ಅಪ್ಪನಿಗೋಸ್ಕರ. ಆಲ್ತಾ ವೆರಾಪಾಸ್ ಅನ್ನುವ ಆ ಪ್ರಾಂತ್ಯ ಗ್ವಾಟೆಮಾಲಾದ ಏಲಕ್ಕಿ ಸೀಮೆ. ಏಲಕ್ಕಿ ಅಲ್ಲಿಯ ಗಿಡವೇ ಅಲ್ಲ, ನಮ್ಮ ಕಡೆಯಿಂದ ಹೋದದ್ದು. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಜರ್ಮನ್ ಮೂಲದ ತೋಟಗಾರರು ತಂದು ನೆಟ್ಟರು. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಏಲಕ್ಕಿ ರಫ್ತು ಮಾಡುವ ದೇಶ ಅದು. ಜಿಟಿಜಿಟಿ ಮಳೆ, ಅದಕ್ಕೆ ಅಲ್ಲಿ ಚಿಪಿ ಚಿಪಿ ಅಂತಾರೆ. ಮರದ ನೆರಳು, ಜಾರುವ ಕೆಂಪು ಮಣ್ಣು. ಬೆಳೆಯುವವರು ಹೆಚ್ಚಾಗಿ ಕೆಕ್ಚಿ ಮಾಯಾ ಸಣ್ಣ ರೈತರು. ಕೊಯ್ದ ಹಸಿ ಕಾಯನ್ನು ಅವತ್ತೇ ದಲ್ಲಾಳಿಗೆ ಮಾರಿಬಿಡುತ್ತಾರೆ. ಒಣಗಿಸುವ ಗೂಡು ಇರುವುದು ಬೇರೆಯವರ ಕೈಯಲ್ಲಿ. ಲಾಭ ಇರುವುದೂ ಅಲ್ಲೇ. ಮನೆಯಲ್ಲಿ ಏಲಕ್ಕಿಯನ್ನು ಏನು ಮಾಡ್ತೀರಿ ಅಂತ ಒಬ್ಬರನ್ನು ಕೇಳಿದೆ. ಏನೂ ಮಾಡಲ್ಲ ಅಂದರು. ಎಲ್ಲ ಅರಬ್ ದೇಶಗಳಿಗೆ ಹೋಗುತ್ತದೆ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ರೇಟು ಎಷ್ಟು ಸಿಗುತ್ತಂತೆ ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಪಾಪ, ಅವರಿಗೂ ಏನೂ ಗಿಟ್ಟಲ್ಲ" ಅಂದರು.

ಮೆಕ್ಸಿಕೊ ತಿಂಗಳುಗಳ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಚಿಯಾಪಾಸ್‌ನ ಸಾನ್ ಕ್ರಿಸ್ತೋಬಾಲ್, ಆಮೇಲೆ ಓಹಾಕಾ. ಅಷ್ಟು ಹೊತ್ತಿಗೆ ಭಾಷೆ ಬಂದಿತ್ತು. ಬಾಡಿಗೆ ಚೌಕಾಸಿ ಮಾಡಿದೆ, ಡೆಂಟಿಸ್ಟ್ ಹತ್ತಿರ ಹೋಗಿ ಬಂದೆ, ಜಗಳವನ್ನೂ ಆಡಿದೆ. ಶೇಲಾದ ಚಳಿಯಲ್ಲಿ ಕೂತು ಕಲಿತದ್ದನ್ನು ಅಲ್ಲಿ ಖರ್ಚು ಮಾಡಿದೆ.

ಈಗ ಚಿಕ್ಕಮ್ಮನ ಮಗಳು ಕೇಳುತ್ತಿದ್ದಾಳೆ. "ಅಕ್ಕ, ನಾನೂ ಶೇಲಾಗೆ ಹೋಗ್ಲಾ?" ಬೇಡ ಅಂದೆ. ಅವಳ ಪಾಸ್‌ಪೋರ್ಟ್ ಖಾಲಿ, ಒಂದೂ ವೀಸಾ ಇಲ್ಲ. ನನಗೆ ತೆರೆದ ಬಾಗಿಲು ಅವಳಿಗೆ ತೆರೆಯುವುದಿಲ್ಲ. ಜೊತೆಗೆ ಅವಳಿಗೆ ಇಡೀ ವರ್ಷ ಒಂದೇ ಕಡೆ ಕಾನೂನುಬದ್ಧವಾಗಿ ಇರಬೇಕು, ನಡುವೆ ಗಡಿ ದಾಟುವ ರಗಳೆ ಬೇಡ. ಹಾಗಾದರೆ ದುಬಾರಿ ಅಂತ ನಾನು ಬದಿಗಿಟ್ಟಿದ್ದ ಸ್ಪೇನ್ ಅವಳಿಗೆ ಸರಿ. ಸ್ಟೂಡೆಂಟ್ ವೀಸಾಕ್ಕೆ ತಿಂಗಳಿಗೆ 600 ಯೂರೊ ಲೆಕ್ಕದಲ್ಲಿ ವರ್ಷಕ್ಕೆ 7,200 ಯೂರೊ ಇದೆ ಅಂತ ತೋರಿಸಬೇಕು. ಸುಮಾರು ಏಳು ಲಕ್ಷ ರೂಪಾಯಿ. ಅದರ ಮೇಲೆ ಶಾಲೆಯ ಫೀಸು, ವಿಮೆ, ಪೊಲೀಸ್ ಕ್ಲಿಯರೆನ್ಸ್, ವೈದ್ಯರ ಸರ್ಟಿಫಿಕೇಟ್, ಎಲ್ಲದರ ಅನುವಾದ. ಸ್ಪ್ಯಾನಿಷ್ ಕಲಿಕೆಗೆ ಸ್ಪೇನ್ ಸರ್ಕಾರ ನಡೆಸುವ ಸೆರ್ವಾಂತೆಸ್ ಸಂಸ್ಥೆಯ ಮಾನ್ಯತೆ ಇರುವ ಶಾಲೆಯನ್ನೇ ಹಿಡಿಯಬೇಕು. ಅಲ್ಲಿ ಪಾರ್ಟ್ ಟೈಮ್ ಕೆಲಸ ಮಾಡಿ ತೂಗಿಸ್ತೀನಿ ಅಂತ ಭಾಷಾ ಕೋರ್ಸ್‌ಗೆ ಹೋಗುವವರು ಲೆಕ್ಕ ಹಾಕಲೇಬಾರದು. ಚಿಕ್ಕಪ್ಪ ಈ ಮೊತ್ತ ಕೇಳಿ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಎಂಬಿಎ ಫೀಸಿಗಿಂತ ಕಮ್ಮಿ ಅಂತ ಅವರೇ ಸಮಾಧಾನ ಮಾಡಿಕೊಂಡರು.

ಊರು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಮ್ಯಾಡ್ರಿಡ್, ಬಾರ್ಸಿಲೋನಾ ಬಾಡಿಗೆ ನೋಡಿ ಅವಳೇ ಕೈಬಿಟ್ಟಳು. ಉಳಿದಿರುವುದು ಸಲಾಮಾಂಕಾ ಮತ್ತು ಗ್ರನಾದಾ. ಸಲಾಮಾಂಕಾದಲ್ಲಿ 1218ರ ವಿಶ್ವವಿದ್ಯಾಲಯ, ಬಿಡಿಸಿ ಬಿಡಿಸಿ ಆಡುವ ಸ್ಪ್ಯಾನಿಷ್, ಚಳಿಗಾಲದಲ್ಲಿ ಕೊರೆಯುವ ಗಾಳಿ. ಗ್ರನಾದಾದಲ್ಲಿ ಬಾಡಿಗೆ ಕಮ್ಮಿ, ಊರು ತುಂಬ ಸ್ಟೂಡೆಂಟ್‌ಗಳು. ಬಾರಿನಲ್ಲಿ ಒಂದು ಡ್ರಿಂಕ್ ತಗೊಂಡರೆ ಒಂದು ತಟ್ಟೆ ತಿಂಡಿ ಪುಕ್ಕಟೆ. ಆದರೆ ಅಲ್ಲಿಯವರು ಪದದ ಕೊನೆಯ 'ಸ' ನುಂಗಿ ಮಾತಾಡುತ್ತಾರೆ, ಮೊದಲ ತಿಂಗಳು ಏನೂ ಅರ್ಥವಾಗದು. ನಾನು ಗ್ರನಾದಾ ಅನ್ನುತ್ತೇನೆ. ಅಲ್ಲಿ ಅರ್ಥವಾದರೆ ಎಲ್ಲಿ ಬೇಕಾದರೂ ಅರ್ಥವಾಗುತ್ತದೆ. ಅವಳಿಗೆ ಇರುವ ಅನುಮಾನ ಒಂದೇ. "ಅಕ್ಕ, ಬಿಯರ್ ಬದಲು ನಿಂಬೆ ಸೋಡಾ ತಗೊಂಡರೂ ತಿಂಡಿ ಕೊಡ್ತಾರಾ?" ಕೊಡ್ತಾರೆ. ತಿಂಡಿಯಲ್ಲಿ ಹ್ಯಾಮ್ ಬೇಡ ಅನ್ನುವುದನ್ನು ಮಾತ್ರ ಈಗಲೇ ಕಲಿತುಕೋ ಅಂತ ಹೇಳಿದ್ದೇನೆ.